ರಕ್ತ ಮತ್ತು ದುಗ್ಧರಸ ಹೆಪ್ಪುಗಟ್ಟುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಪಾಠದ ನಡುವೆ, ಪತ್ರಗಳಲ್ಲಿ, ವರದಿಯ ಹಾಳೆ ಹಿಡಿದು ಪ್ರಯೋಗಾಲಯದ ಬಾಗಿಲಲ್ಲಿ ನಿಂತವರ ಬಾಯಲ್ಲಿ ಮತ್ತೆ ಮತ್ತೆ ಕೇಳಿಬಂದ ಪ್ರಶ್ನೆಗಳನ್ನು ಇಲ್ಲಿ ಒಟ್ಟುಗೂಡಿಸಿದ್ದೇನೆ. ಪ್ರಶ್ನೆಗಳ ಮಾತನ್ನು ಆದಷ್ಟೂ ಕೇಳಿದವರ ಬಾಯಿಯಲ್ಲಿದ್ದ ಹಾಗೆಯೇ ಉಳಿಸಿಕೊಂಡಿದ್ದೇನೆ. ಸುಲಭವಾದವು ಮೊದಲು, ತೊಡಕಿನವು ಕೊನೆಗೆ. ಇವು ವಿಷಯ ತಿಳಿಯುವುದಕ್ಕಾಗಿ ಬರೆದ ಉತ್ತರಗಳು. ಔಷಧದ ಪ್ರಮಾಣವನ್ನು ಇವುಗಳಿಂದ ತೀರ್ಮಾನಿಸಬಾರದು.

## ಮೊದಲ ಪ್ರಶ್ನೆಗಳು

ರಕ್ತ ಹೊರಗೆ ಬಂದರೆ ಗಟ್ಟಿಯಾಗುತ್ತದೆ, ಒಳಗಿದ್ದಾಗ ಆಗುವುದಿಲ್ಲ. ಗಾಳಿ ತಾಗುವುದರಿಂದಲೇ ಹೀಗೆ?

ಅಲ್ಲ, ಆದರೂ ಈ ನಂಬಿಕೆ ಬಹಳ ಹಳೆಯದು. 19ನೆಯ ಶತಮಾನದಲ್ಲಿ ಶಸ್ತ್ರವೈದ್ಯ ಜೋಸೆಫ್ ಲಿಸ್ಟರ್ ಪ್ರಾಣಿಗಳ ಕುತ್ತಿಗೆಯ ಅಭಿಧಮನಿಯನ್ನು ರಕ್ತಸಮೇತ ಕಟ್ಟಿ ಬೇರ್ಪಡಿಸಿ ನೋಡಿದಾಗ, ಒಳಗಿನ ರಕ್ತ ಗಂಟೆಗಟ್ಟಲೆ ದ್ರವವಾಗಿಯೇ ಉಳಿದಿತ್ತು. ಅದನ್ನೇ ಗಾಜಿನ ಪಾತ್ರೆಗೆ ಸುರಿದರೆ ಕೆಲವೇ ನಿಮಿಷಗಳಲ್ಲಿ ಗಟ್ಟಿಯಾಗುತ್ತಿತ್ತು. ವ್ಯತ್ಯಾಸ ಇರುವುದು ರಕ್ತಕ್ಕೆ ತಾಗುವ ಮೇಲ್ಮೈಯಲ್ಲಿ. ರಕ್ತನಾಳದ ಒಳಪೊರೆಯ ಜೀವಕೋಶಗಳು ನೈಟ್ರಿಕ್ ಆಕ್ಸೈಡ್, ಪ್ರೋಸ್ಟಾಸೈಕ್ಲಿನ್‌ನಂಥ ವಸ್ತುಗಳನ್ನು ಸ್ರವಿಸಿ ಪ್ಲೇಟ್‌ಲೆಟ್‌ಗಳೆಂಬ ರಕ್ತದ ಸಣ್ಣ ಕಣಗಳು ಅಂಟಿಕೊಳ್ಳದಂತೆ ನೋಡಿಕೊಳ್ಳುತ್ತವೆ. ಆ ಪೊರೆ ಹರಿದಾಗ ಅದರ ಅಡಿಯಲ್ಲಿರುವ ಕೊಲಾಜನ್ ನಾರೂ ಟಿಶ್ಯೂ ಫ್ಯಾಕ್ಟರ್ ಎಂಬ ಪ್ರೋಟೀನೂ ರಕ್ತಕ್ಕೆ ಎದುರಾಗುತ್ತವೆ. ಹೆಪ್ಪುಗಟ್ಟಲು ಬೇಕಾದ ಸಾಮಗ್ರಿಯೆಲ್ಲ ರಕ್ತದಲ್ಲಿ ಸದಾ ಸಿದ್ಧವಾಗಿಯೇ ಇರುತ್ತದೆ. ಎಲ್ಲಿ ಗಟ್ಟಿಯಾಗಬೇಕು ಎಂಬುದನ್ನು ಹೇಳುವುದು ಈ ಮೇಲ್ಮೈ. ಮುಂದಿನ ಅನೇಕ ಉತ್ತರಗಳು ಇದೊಂದು ಮಾತಿನ ಮೇಲೆ ನಿಂತಿವೆ.

ಹೆಪ್ಪು ಎಂದರೆ ಏನು? ಹಾಲಿಗೆ ಹೆಪ್ಪು ಹಾಕಿದ ಹಾಗೆಯೇ ಇದೂ ಆಗುತ್ತದೆಯೇ?

ನಮ್ಮ ಭಾಷೆ ಎರಡಕ್ಕೂ ಒಂದೇ ಪದವನ್ನು ಬಳಸುವುದರಿಂದ ಈ ಪ್ರಶ್ನೆ ಸಹಜ. ದ್ರವದಲ್ಲಿ ಕಣ್ಣಿಗೆ ಕಾಣದಂತೆ ತೇಲುತ್ತಿದ್ದ ಪ್ರೋಟೀನು ಬಲೆಯಾಗಿ ಹೆಣೆದುಕೊಳ್ಳುತ್ತದೆ ಎಂಬಷ್ಟಕ್ಕೆ ಹೋಲಿಕೆ ಸರಿ. ಆದರೆ ಹಾಲು ಮೊಸರಾಗುವುದು ಬ್ಯಾಕ್ಟೀರಿಯಾ ಹುಟ್ಟಿಸುವ ಹುಳಿಯಿಂದ. ರಕ್ತದಲ್ಲಿ ಹುಳಿಯ ಪಾತ್ರವಿಲ್ಲ, ಅಲ್ಲಿ ಕೆಲಸ ಮಾಡುವುದು ಥ್ರಾಂಬಿನ್ ಎಂಬ ಕಿಣ್ವ. ಅದು ಫೈಬ್ರಿನೋಜನ್ ಎಂಬ ಕರಗಿದ ಪ್ರೋಟೀನಿನ ತುದಿಗಳಿಂದ ಸಣ್ಣ ತುಣುಕುಗಳನ್ನು ಕತ್ತರಿಸಿ ಹಾಕುತ್ತದೆ. ಹಾಗೆ ಕತ್ತರಿಸಿಕೊಂಡ ಅಣುಗಳು ಒಂದಕ್ಕೊಂದು ಜೋಡಿಕೊಂಡು ಫೈಬ್ರಿನ್ ಎಂಬ ಎಳೆಗಳಾಗುತ್ತವೆ.

ಇದನ್ನು ಕಣ್ಣಾರೆ ನೋಡಬಹುದು. ಏನನ್ನೂ ಬೆರೆಸದ ಗಾಜಿನ ಪ್ರನಾಳದಲ್ಲಿ ರಕ್ತವನ್ನು ಇಟ್ಟು ಆಗಾಗ ಮೆಲ್ಲಗೆ ಓರೆ ಮಾಡಿದರೆ, ಮೊದಲು ನೀರಿನಂತೆ ವಾಲುತ್ತಿದ್ದ ರಕ್ತ ಸುಮಾರು 5ರಿಂದ 10 ನಿಮಿಷಗಳ ಹೊತ್ತಿಗೆ ಅಂಚಿನಲ್ಲಿ ಎಳೆಯೆಳೆಯಾಗಿ ತಡೆದು, ಆಮೇಲೆ ಪ್ರನಾಳವನ್ನು ತಲೆಕೆಳಗು ಮಾಡಿದರೂ ಬೀಳದಂತೆ ನಿಂತುಬಿಡುತ್ತದೆ. ಇನ್ನೊಂದು ಗಂಟೆ ಬಿಟ್ಟು ನೋಡಿದರೆ ಆ ಕೆಂಪು ಮುದ್ದೆ ಗಾಜಿನಿಂದ ಬಿಟ್ಟುಕೊಂಡು ಕುಗ್ಗಿರುತ್ತದೆ, ಸುತ್ತಲೂ ಒಣಹುಲ್ಲಿನ ಬಣ್ಣದ ತಿಳಿದ್ರವ ನಿಂತಿರುತ್ತದೆ. ಆ ದ್ರವವೇ ಸೀರಂ. ಕುಗ್ಗಿಸಿದ್ದು ಪ್ಲೇಟ್‌ಲೆಟ್‌ಗಳು: ಅವುಗಳ ಒಳಗೆ ಸ್ನಾಯುಗಳಲ್ಲಿರುವಂಥದೇ ಆಕ್ಟಿನ್ ಮತ್ತು ಮಯೋಸಿನ್ ಇವೆ, ಅವು ಫೈಬ್ರಿನ್ ಎಳೆಗಳನ್ನು ಹಿಡಿದು ಒಳಕ್ಕೆ ಜಗ್ಗುತ್ತವೆ. ಗಾಯದಲ್ಲಿ ಈ ಜಗ್ಗುವಿಕೆಯೇ ಅಂಚುಗಳನ್ನು ಹತ್ತಿರಕ್ಕೆ ತರಲು ನೆರವಾಗುತ್ತದೆ. ಹೆಪ್ಪಿನ ಕೆಂಪು ಬಣ್ಣ ಬಲೆಯಲ್ಲಿ ಸಿಕ್ಕಿಬಿದ್ದ ಕೆಂಪುಕಣಗಳದು. ಬಲೆಯ ಬಣ್ಣ ಬಿಳಿ.

ಗಾಯವಾದಾಗ ಮೊದಲು ಏನಾಗುತ್ತದೆ? ಒತ್ತಿ ಹಿಡಿಯಿರಿ ಎನ್ನುವುದೇಕೆ?

ತುಂಡಾದ ನಾಳ ಮೊದಲು ತಾನೇ ಸಂಕುಚಿಸುತ್ತದೆ. ಅದರ ಬೆನ್ನಿಗೆ ಪ್ಲೇಟ್‌ಲೆಟ್‌ಗಳು ಬರುತ್ತವೆ. ಇವು ಅಸ್ಥಿಮಜ್ಜೆಯ ದೈತ್ಯ ಜೀವಕೋಶಗಳಿಂದ ಕಳಚಿಕೊಂಡ ಚೂರುಗಳು. ಅಗಲ 2ರಿಂದ 3 ಮೈಕ್ರೋಮೀಟರ್, ಆಯುಸ್ಸು 7ರಿಂದ 10 ದಿನ, ಸಂಖ್ಯೆ ಒಂದು ಮೈಕ್ರೋಲೀಟರ್ ರಕ್ತದಲ್ಲಿ ಸುಮಾರು 1.5 ಲಕ್ಷದಿಂದ 4.5 ಲಕ್ಷ. ಇವುಗಳ ಕೆಲಸವನ್ನು 1882ರಲ್ಲಿ ಸ್ಪಷ್ಟವಾಗಿ ವಿವರಿಸಿದವರು ಇಟಲಿಯ ಜೂಲಿಯೊ ಬಿಜ್ಜೊಜೆರೊ. ವಾನ್ ವಿಲ್ಲೆಬ್ರಾಂಡ್ ಅಂಶವೆಂಬ ಉದ್ದನೆಯ ಪ್ರೋಟೀನು ಗಾಯದ ಕೊಲಾಜನ್‌ಗೆ ಒಂದು ಕಡೆ, ರಕ್ತದೊಡನೆ ಸಾಗುತ್ತಿರುವ ಪ್ಲೇಟ್‌ಲೆಟ್‌ಗೆ ಇನ್ನೊಂದು ಕಡೆ ಅಂಟಿಕೊಂಡು ಅದನ್ನು ತಡೆದು ನಿಲ್ಲಿಸುತ್ತದೆ. ನಿಂತ ಪ್ಲೇಟ್‌ಲೆಟ್ ಆಕಾರ ಬದಲಿಸಿ ಮುಳ್ಳುಮುಳ್ಳಾಗಿ ಕೈಚಾಚಿ ತನ್ನ ಜೊತೆಯವನ್ನು ಕರೆಯುತ್ತದೆ. ಹೀಗೆ ಕಟ್ಟಿಕೊಂಡ ಮೆತ್ತನೆಯ ಬಿರಡೆಯ ಮೇಲೆ ಮತ್ತು ಒಳಗೆ ಫೈಬ್ರಿನ್ ಬಲೆ ಹೆಣೆದುಕೊಂಡಾಗ ಮಾತ್ರ ಅದು ರಕ್ತದ ಒತ್ತಡವನ್ನು ತಾಳುವಷ್ಟು ಗಟ್ಟಿಯಾಗುತ್ತದೆ.

ಬಟ್ಟೆಯನ್ನು ಎತ್ತಿ ಎತ್ತಿ ನೋಡಬೇಡಿ ಎಂದು ಹೇಳುವುದಕ್ಕೆ ಕಾರಣ ಇದೇ. ಪ್ರತಿ ಸಲ ಎತ್ತಿದಾಗಲೂ ಬಲೆ ಕಟ್ಟುವ ಮೊದಲಿನ ಮೆತ್ತನೆಯ ಬಿರಡೆ ಕಿತ್ತು ಬರುತ್ತದೆ, ಕೆಲಸ ಮೊದಲಿನಿಂದ ಶುರುವಾಗುತ್ತದೆ. ಒಂದೇ ಸಮನೆ ಹತ್ತು ನಿಮಿಷ ಒತ್ತಿ ಹಿಡಿಯುವುದು, ಐದು ಸಲ ಎರಡೆರಡು ನಿಮಿಷ ಒತ್ತುವುದಕ್ಕಿಂತ ಎಷ್ಟೋ ಮೇಲು.

ಗಾಯದ ರಕ್ತ ನಿಂತ ಮೇಲೂ ತಿಳಿನೀರು ಒಸರುತ್ತದಲ್ಲ, ಅದು ದುಗ್ಧರಸವೇ?

ಬಹುಪಾಲು ಅಲ್ಲ. ಉರಿಯೂತದಿಂದ ಸಡಿಲಗೊಂಡ ಲೋಮನಾಳಗಳಿಂದ ಸೋರಿದ ರಕ್ತರಸ, ಅಂದರೆ ರಕ್ತಕಣಗಳನ್ನು ಬಿಟ್ಟ ದ್ರವಭಾಗ ಅದು. ದುಗ್ಧರಸ (ಲಿಂಫ್) ಎಂಬ ಹೆಸರು ಸಲ್ಲುವುದು ದುಗ್ಧನಾಳದ ಒಳಗೆ ಸೇರಿದ ದ್ರವಕ್ಕೆ ಮಾತ್ರ. ಒಸರಿದ ಆ ನೀರಿನಲ್ಲಿಯೂ ಫೈಬ್ರಿನೋಜನ್ ಇರುವುದರಿಂದ ಅದು ಒಣಗಿದಾಗ ಹಳದಿ ಹಕ್ಕಳೆಯಾಗಿ ಗಟ್ಟಿಯಾಗುತ್ತದೆ.

## ದುಗ್ಧರಸದ ಕುರಿತು

ದುಗ್ಧರಸವೂ ರಕ್ತದ ಹಾಗೆ ಹೆಪ್ಪುಗಟ್ಟುತ್ತದೆಯೇ?

ಹೆಪ್ಪುಗಟ್ಟುತ್ತದೆ, ಆದರೆ ನಿಧಾನವಾಗಿ ಮತ್ತು ಸಡಿಲವಾಗಿ. ಲೋಮನಾಳಗಳಿಂದ ಜೀವಕೋಶಗಳ ನಡುವೆ ಜಿನುಗಿದ ದ್ರವದಲ್ಲಿ ಮರಳಿ ಲೋಮನಾಳಕ್ಕೆ ಹೋಗದೆ ಉಳಿದದ್ದನ್ನು ದುಗ್ಧನಾಳಗಳು ಹೀರಿಕೊಂಡು, ದಿನಕ್ಕೆ ಸುಮಾರು 2ರಿಂದ 3 ಲೀಟರಿನಷ್ಟನ್ನು ರಕ್ತಕ್ಕೆ ತಲುಪಿಸುತ್ತವೆ. ಮೂಲ ರಕ್ತರಸವೇ ಆದ್ದರಿಂದ ಫೈಬ್ರಿನೋಜನ್, ಥ್ರಾಂಬಿನ್ನಿನ ಪೂರ್ವರೂಪವಾದ ಪ್ರೋಥ್ರಾಂಬಿನ್ ಮೊದಲಾದವು ಅದರಲ್ಲೂ ಇರುತ್ತವೆ. ಆದರೆ ಲೋಮನಾಳದ ಗೋಡೆಯನ್ನು ದೊಡ್ಡ ಅಣುಗಳು ಸುಲಭವಾಗಿ ದಾಟಲಾರವು. ರಕ್ತರಸದಲ್ಲಿ 100 ಮಿಲಿಲೀಟರಿಗೆ ಸುಮಾರು 7 ಗ್ರಾಂ ಪ್ರೋಟೀನು ಇದ್ದರೆ, ಹೆಚ್ಚಿನ ಅಂಗಾಂಶಗಳಿಂದ ಬರುವ ದುಗ್ಧರಸದಲ್ಲಿ ಅದು ಸುಮಾರು 2 ಗ್ರಾಂ. ಪಿತ್ತಜನಕಾಂಗದಿಂದ ಬರುವುದು ಮಾತ್ರ ಇದಕ್ಕೆ ಹೊರತು. ಅಲ್ಲಿಯ ಲೋಮನಾಳಗಳು ಹೆಚ್ಚು ತೂತುಗಳುಳ್ಳವಾದ್ದರಿಂದ ಪ್ರಮಾಣ 6 ಗ್ರಾಂವರೆಗೂ ಏರುತ್ತದೆ.

ಪ್ರೋಟೀನಿನ ಕೊರತೆಗಿಂತ ದೊಡ್ಡ ಕಾರಣ ಇನ್ನೊಂದಿದೆ: ದುಗ್ಧರಸದಲ್ಲಿ ಪ್ಲೇಟ್‌ಲೆಟ್‌ಗಳು ಇಲ್ಲವೆನ್ನುವಷ್ಟು ಕಡಿಮೆ. ಹೆಪ್ಪುಗಟ್ಟಿಸುವ ಕಿಣ್ವಗಳು ನೆಲೆ ನಿಂತು ಕೆಲಸ ಮಾಡುವುದು ಪ್ಲೇಟ್‌ಲೆಟ್‌ಗಳ ಪೊರೆಯ ಮೇಲೆ. ಆ ನೆಲೆ ಇಲ್ಲದಿದ್ದರೆ ಅವು ನೀರಿನಲ್ಲಿ ಚೆದರಿದಂತೆಯೇ ಸರಿ. ಇದರ ಮೇಲೆ ದುಗ್ಧನಾಳದ ಒಳಪೊರೆ ಹೆಪ್ಪನ್ನು ಕರಗಿಸುವ ಕೆಲಸಕ್ಕೆ ಚಾಲನೆ ಕೊಡುವ ವಸ್ತುವನ್ನೂ ಸ್ರವಿಸುತ್ತದೆ. ಕೆಂಪುಕಣಗಳಿಲ್ಲದ ಕಾರಣ, ಕಟ್ಟಿದ ಹೆಪ್ಪೂ ಬಣ್ಣವಿಲ್ಲದೆ ಲೋಳೆಯಂತೆ ಕಾಣುತ್ತದೆ.

ಹಳೆಯ ವೈದ್ಯಗ್ರಂಥಗಳನ್ನು ಓದುವವರು ಒಂದು ಗೊಂದಲಕ್ಕೆ ಸಿದ್ಧರಾಗಿರಬೇಕು. 1770ರ ದಶಕದಲ್ಲಿ ವಿಲಿಯಂ ಹ್ಯೂಸನ್, ರಕ್ತದಲ್ಲಿ ಗಟ್ಟಿಯಾಗುವುದು ಕೆಂಪುಕಣಗಳಲ್ಲ, ಅವು ತೇಲುವ ದ್ರವ ಎಂದು ತೋರಿಸಿಕೊಟ್ಟರು. ಆದರೆ ಆ ದ್ರವಭಾಗವನ್ನು ಅವರು ಕರೆದದ್ದು ಹೆಪ್ಪುಗಟ್ಟುವ ಲಿಂಫ್ ಎಂದು. ಆ ಕಾಲದ ಬರಹದಲ್ಲಿ ಲಿಂಫ್ ಎಂದು ಕಂಡಲ್ಲೆಲ್ಲ ಇಂದಿನ ದುಗ್ಧರಸ ಎಂದು ಓದಿಕೊಂಡರೆ ಅರ್ಥ ಕೆಡುತ್ತದೆ.

ಶಸ್ತ್ರಚಿಕಿತ್ಸೆ ಆಗಿ ಎರಡು ವಾರವಾಯಿತು. ರಕ್ತ ಅಂದೇ ನಿಂತಿತು, ನೀರು ಮಾತ್ರ ಇನ್ನೂ ಸೋರುತ್ತಿದೆ. ಏಕೆ?

ದುಗ್ಧಗ್ರಂಥಿಗಳನ್ನು ತೆಗೆಯಬೇಕಾಗುವ ಶಸ್ತ್ರಚಿಕಿತ್ಸೆಗಳಲ್ಲಿ, ಮುಖ್ಯವಾಗಿ ಕಂಕುಳು ಮತ್ತು ತೊಡೆಸಂದಿನಲ್ಲಿ, ಹೀಗಾಗುವುದುಂಟು. ಕತ್ತರಿಸಿದ ರಕ್ತನಾಳದ ಬಾಯಿಯನ್ನು ಪ್ಲೇಟ್‌ಲೆಟ್ ಬಿರಡೆ ನಿಮಿಷಗಳಲ್ಲಿ ಮುಚ್ಚುತ್ತದೆ. ಕತ್ತರಿಸಿದ ದುಗ್ಧನಾಳಕ್ಕೆ ಅಂಥ ಬಿರಡೆ ಸಿಗುವುದಿಲ್ಲ. ಅದು ಸುತ್ತಲಿನ ಅಂಗಾಂಶ ಬೆಳೆದು ಬೆಸೆದುಕೊಳ್ಳುವವರೆಗೆ ಕಾಯಬೇಕು, ಆ ಕೆಲಸಕ್ಕೆ ದಿನಗಳು, ಕೆಲವೊಮ್ಮೆ ವಾರಗಳು ಹಿಡಿಯುತ್ತವೆ. ಶಸ್ತ್ರವೈದ್ಯರು ಸೋರುವ ದ್ರವಕ್ಕೆ ಕೊಳವೆ ಇಟ್ಟು ದಿನದ ಪ್ರಮಾಣವನ್ನು ಬರೆದಿಡುವುದು ಅದು ಇಳಿಯುತ್ತಿದೆಯೇ ಎಂದು ತಿಳಿಯಲಿಕ್ಕಾಗಿ. ಪ್ರಮಾಣ ಏರಿದರೆ, ದ್ರವ ಕದಡಿದರೆ, ಹಾಲಿನಂತೆ ಬಿಳುಪಾದರೆ ಅಥವಾ ಜ್ವರ ಬಂದರೆ ಅಂದೇ ತೋರಿಸಬೇಕು.

ಆನೆಕಾಲು ರೋಗದಲ್ಲಿ ದುಗ್ಧರಸ ಹೆಪ್ಪುಗಟ್ಟಿ ನಾಳ ಕಟ್ಟಿಕೊಳ್ಳುತ್ತದೆ ಎನ್ನುತ್ತಾರೆ. ಸರಿಯೇ?

ಹೆಪ್ಪು ಇಲ್ಲಿ ಮುಖ್ಯ ಅಪರಾಧಿಯಲ್ಲ. ದುಗ್ಧನಾಳಗಳಲ್ಲಿ ವರ್ಷಗಟ್ಟಲೆ ಬದುಕುವ ಫೈಲೇರಿಯಾ ಹುಳುಗಳಿಂದ ನಾಳ ಹಿಗ್ಗಿ, ದ್ರವ ಹಿಂದಕ್ಕೆ ಹರಿಯದಂತೆ ತಡೆಯುವ ಕವಾಟಗಳು ಕೆಟ್ಟುಹೋಗುತ್ತವೆ. ನಿಂತ ದ್ರವದಲ್ಲಿ ಪ್ರೋಟೀನು ಸೇರುತ್ತ, ಚರ್ಮದ ಬಿರುಕುಗಳಿಂದ ಬ್ಯಾಕ್ಟೀರಿಯಾ ಸೋಂಕು ಮತ್ತೆ ಮತ್ತೆ ಬರುತ್ತ, ಅಂಗಾಂಶ ನಾರುಗಟ್ಟುತ್ತದೆ. ಕಾಲನ್ನು ದಿನಾ ತೊಳೆದು ಒಣಗಿಸಿ ಬಿರುಕುಗಳನ್ನು ನೋಡಿಕೊಳ್ಳುವುದಕ್ಕೆ ಅಷ್ಟು ಮಹತ್ವ ಕೊಡುವುದು ಈ ಕಾರಣಕ್ಕೆ. ಹೆಪ್ಪು ಕರಗಿಸುವ ಔಷಧದಿಂದ ಇಲ್ಲಿ ಪ್ರಯೋಜನವಿಲ್ಲ.

## ವರದಿ, ಮಾತ್ರೆ ಮತ್ತು ಕಾಯಿಲೆಗಳು

ಒಂದೇ ಸೂಜಿಯಿಂದ ರಕ್ತ ತೆಗೆದು ಬೇರೆ ಬೇರೆ ಬಣ್ಣದ ಮುಚ್ಚಳದ ಟ್ಯೂಬುಗಳಿಗೆ ತುಂಬುವುದೇಕೆ? ಕ್ಯಾಲ್ಸಿಯಂ ಮಾತ್ರೆ ತಿಂದರೆ ರಕ್ತ ಬೇಗ ಹೆಪ್ಪುಗಟ್ಟುತ್ತದೆಯೇ?

ಎರಡು ಪ್ರಶ್ನೆಗಳಿಗೂ ಉತ್ತರ ಒಂದೇ ಕಡೆ ಇದೆ. ಹೆಪ್ಪುಗಟ್ಟುವ ಬಹುಪಾಲು ಹಂತಗಳಿಗೆ ಕ್ಯಾಲ್ಸಿಯಂ ಬೇಕು. ನೇರಳೆ ಮುಚ್ಚಳದ ಟ್ಯೂಬಿನಲ್ಲಿರುವ ಇ.ಡಿ.ಟಿ.ಎ. ಮತ್ತು ತಿಳಿನೀಲಿ ಮುಚ್ಚಳದ ಟ್ಯೂಬಿನಲ್ಲಿರುವ ಸಿಟ್ರೇಟ್ ಎರಡೂ ಕ್ಯಾಲ್ಸಿಯಂ ಅನ್ನು ಹಿಡಿದಿಟ್ಟು ರಕ್ತವನ್ನು ದ್ರವವಾಗಿಯೇ ಉಳಿಸುತ್ತವೆ. ಹೆಪ್ಪಿನ ಪರೀಕ್ಷೆಗೆ ಬಳಸುವುದು ತಿಳಿನೀಲಿಯದು. ಅಲ್ಲಿ ಒಂಬತ್ತು ಪಾಲು ರಕ್ತಕ್ಕೆ ಒಂದು ಪಾಲು ಸಿಟ್ರೇಟ್ ಎಂಬ ಲೆಕ್ಕವಿದೆ. ಆದ್ದರಿಂದಲೇ ಗುರುತಿನ ಗೆರೆಗಿಂತ ಕಡಿಮೆ ತುಂಬಿದ ಟ್ಯೂಬನ್ನು ಪ್ರಯೋಗಾಲಯದವರು ಹಿಂದಿರುಗಿಸುತ್ತಾರೆ. ಅದು ಅವರ ಹಟವಲ್ಲ. ಸಿಟ್ರೇಟ್ ಹೆಚ್ಚಾದರೆ ರಕ್ತ ನಿಜಕ್ಕಿಂತ ತಡವಾಗಿ ಹೆಪ್ಪುಗಟ್ಟಿದಂತೆ ವರದಿ ಬರುತ್ತದೆ. ಕ್ಯಾಲ್ಸಿಯಂ ಮಾತ್ರೆಯ ಮಾತಿಗೆ ಬಂದರೆ, ದೇಹ ರಕ್ತದ ಕ್ಯಾಲ್ಸಿಯಂ ಮಟ್ಟವನ್ನು ಬಹಳ ಬಿಗಿಯಾಗಿ ಕಾಯ್ದುಕೊಳ್ಳುತ್ತದೆ, ಮತ್ತು ಹೆಪ್ಪಿಗೆ ಬೇಕಾದುದಕ್ಕಿಂತ ಹೆಚ್ಚೇ ಅಲ್ಲಿರುತ್ತದೆ. ಮಾತ್ರೆಯಿಂದ ಹೆಪ್ಪಿನ ವೇಗ ಹೆಚ್ಚುವುದಿಲ್ಲ.

ರಕ್ತ ತೆಳ್ಳಗಾಗುವ ಮಾತ್ರೆ ಕೊಟ್ಟಿದ್ದಾರೆ. ರಕ್ತ ನೀರಾಗಿಬಿಡುತ್ತದೆಯೇ?

ಹೆಸರು ಬಳಕೆಯಲ್ಲಿ ನಿಂತುಬಿಟ್ಟಿದೆ, ಆದರೆ ಈ ಮಾತ್ರೆಗಳಿಂದ ರಕ್ತ ತೆಳ್ಳಗಾಗುವುದಿಲ್ಲ. ಇವುಗಳಲ್ಲಿ ಎರಡು ಬಗೆ. ಆಸ್ಪಿರಿನ್‌ನಂಥವು ಪ್ಲೇಟ್‌ಲೆಟ್‌ಗಳು ಒಂದನ್ನೊಂದು ಕರೆಯದಂತೆ ತಡೆಯುತ್ತವೆ. ಒಮ್ಮೆ ಆಸ್ಪಿರಿನ್ ತಾಗಿದ ಪ್ಲೇಟ್‌ಲೆಟ್ ಮತ್ತೆ ಸರಿಯಾಗುವುದಿಲ್ಲ. ಹೊಸವು ಹುಟ್ಟಿಬರಬೇಕು, ಆದ್ದರಿಂದ ಪರಿಣಾಮ ಒಂದು ವಾರದ ಆಚೀಚೆ ಉಳಿಯುತ್ತದೆ. ಎರಡನೆಯ ಬಗೆಯವು ಥ್ರಾಂಬಿನ್ ಹುಟ್ಟುವ ದಾರಿಯನ್ನು ತಡೆಯುತ್ತವೆ. ಹೆಪಾರಿನ್ ಚುಚ್ಚುಮದ್ದು ಮತ್ತು ವಾರ್ಫರಿನ್ ಮಾತ್ರೆ ಈ ಗುಂಪಿನವು.

ವಾರ್ಫರಿನ್ನಿನ ಕಥೆಯಲ್ಲಿ ವಿಟಮಿನ್ ಕೆ ಇದೆ. ಹೆಪ್ಪುಗಟ್ಟಲು ಬೇಕಾದ ವಸ್ತುಗಳನ್ನು ಅಂಶಗಳೆಂದು ಕರೆದು ಸಂಖ್ಯೆಯಿಂದ ಗುರುತಿಸುತ್ತಾರೆ. ಅವುಗಳಲ್ಲಿ 2, 7, 9 ಮತ್ತು 10ನೆಯ ಅಂಶಗಳು ಪಿತ್ತಜನಕಾಂಗದಲ್ಲಿ ತಯಾರಾಗುವಾಗ ಕೊನೆಯ ಹದಕ್ಕೆ ಬರಲು ಈ ವಿಟಮಿನ್ ಬೇಕು. ಅದನ್ನು ಕಂಡುಹಿಡಿದ ಹೆನ್ರಿಕ್ ಡಾಮ್ ಡೆನ್ಮಾರ್ಕಿನವರು. ಹೆಪ್ಪುಗಟ್ಟುವುದನ್ನು ಸೂಚಿಸುವ ಕೊಯಾಗುಲೇಷನ್ ಎಂಬ ಪದದ ಮೊದಲ ಅಕ್ಷರ ಅವರ ಭಾಷೆಯ ಬರವಣಿಗೆಯಲ್ಲಿ ಕೆ. ವಿಟಮಿನ್ನಿಗೆ ಆ ಹೆಸರು ಬಂದದ್ದು ಹೀಗೆ. 1943ರ ನೊಬೆಲ್ ಬಹುಮಾನ ಅವರಿಗೂ ಎಡ್ವರ್ಡ್ ಡಾಯ್ಸಿ ಅವರಿಗೂ ಸಂದಿತು. ಇನ್ನೊಂದು ಕಡೆ, ಅಮೆರಿಕದಲ್ಲಿ ಕೊಳೆತ ಸ್ವೀಟ್ ಕ್ಲೋವರ್ ಮೇವು ತಿಂದ ದನಗಳು ರಕ್ತಸ್ರಾವದಿಂದ ಸಾಯುತ್ತಿದ್ದುದರ ಕಾರಣವನ್ನು ಹುಡುಕುತ್ತ ಹೋದ ಕಾರ್ಲ್ ಪಾಲ್ ಲಿಂಕ್ ಅವರ ತಂಡಕ್ಕೆ ವಿಟಮಿನ್ ಕೆಯ ಕೆಲಸವನ್ನು ತಡೆಯುವ ವಸ್ತು ಸಿಕ್ಕಿತು. ಅದರ ಸಂಬಂಧಿಯಾದ ವಾರ್ಫರಿನ್ 1948ರಲ್ಲಿ ಇಲಿಪಾಷಾಣವಾಗಿ ಬಂತು, 1954ರಲ್ಲಿ ಮನುಷ್ಯರ ಔಷಧವಾಯಿತು. ಇದನ್ನು ನುಂಗುವವರ ರಕ್ತ ಎಷ್ಟು ತಡವಾಗಿ ಹೆಪ್ಪುಗಟ್ಟುತ್ತದೆ ಎಂದು ಅಳೆಯುವ ಐ.ಎನ್.ಆರ್. ಪರೀಕ್ಷೆಯನ್ನು ಆಗಾಗ ಮಾಡಿಸುವುದು, ಅದರ ಅಂಕಿಯನ್ನು ಹೆಚ್ಚಿನ ಸಂದರ್ಭಗಳಲ್ಲಿ 2 ಮತ್ತು 3ರ ನಡುವೆ ಇರಿಸುವುದು ವಾಡಿಕೆ. ಹಲ್ಲು ಕೀಳಿಸುವ ಮುನ್ನ ತಾವಾಗಿಯೇ ಮಾತ್ರೆ ನಿಲ್ಲಿಸುವವರನ್ನು ಎಷ್ಟೋ ಸಲ ಕಂಡಿದ್ದೇನೆ. ಬರೆದುಕೊಟ್ಟ ವೈದ್ಯರನ್ನು ಕೇಳದೆ ಹಾಗೆ ಮಾಡಕೂಡದು.

ಪ್ಲೇಟ್‌ಲೆಟ್ ಕಡಿಮೆಯಾಗುವುದೂ ಕುಸುಮರೋಗವೂ ಒಂದೇ ಅಲ್ಲವೇ? ಎರಡರಲ್ಲೂ ರಕ್ತ ನಿಲ್ಲುವುದಿಲ್ಲ.

ಎಲ್ಲಿ ಮತ್ತು ಯಾವಾಗ ಸೋರುತ್ತದೆ ಎಂದು ನೋಡಿದರೆ ವ್ಯತ್ಯಾಸ ತಿಳಿಯುತ್ತದೆ. ಪ್ಲೇಟ್‌ಲೆಟ್ ಕಡಿಮೆಯಾದಾಗ ಮೊದಲ ಬಿರಡೆಯೇ ಕಟ್ಟುವುದಿಲ್ಲ. ಚರ್ಮದ ಮೇಲೆ ಸೂಜಿಮೊನೆಯಂಥ ಕೆಂಪು ಚುಕ್ಕೆಗಳು, ವಸಡಿನಲ್ಲಿ, ಮೂಗಿನಲ್ಲಿ ರಕ್ತ. ಸಂಖ್ಯೆ 10,000ಕ್ಕಿಂತ ಕೆಳಗಿಳಿದರೆ ಪೆಟ್ಟಿಲ್ಲದೆಯೂ ರಕ್ತಸ್ರಾವವಾಗುವ ಅಪಾಯ ಗಂಭೀರ. ಕುಸುಮರೋಗದಲ್ಲಿ (ಹಿಮೋಫಿಲಿಯಾ) ಬಿರಡೆ ಸರಿಯಾಗಿಯೇ ಕಟ್ಟುತ್ತದೆ, ಅದನ್ನು ಬಿಗಿಯುವ ಫೈಬ್ರಿನ್ ಬಲೆ ಬರುವುದಿಲ್ಲ. ಆದ್ದರಿಂದ ಸಣ್ಣ ಗೀರು ನಿಂತಂತೆ ಕಂಡು ಗಂಟೆಗಳ ಮೇಲೆ ಮತ್ತೆ ಸೋರುತ್ತದೆ. ಮೊಣಕಾಲು, ಮೊಣಕೈ ಕೀಲುಗಳ ಒಳಗೆ ರಕ್ತ ತುಂಬಿ ಊದಿಕೊಳ್ಳುತ್ತದೆ. 8ನೆಯ ಅಂಶದ ಕೊರತೆಯಾದರೆ ಎ ಬಗೆ, 9ನೆಯದಾದರೆ ಬಿ ಬಗೆ. ಜೀನು ಎಕ್ಸ್ ವರ್ಣತಂತುವಿನಲ್ಲಿ ಇರುವುದರಿಂದ ರೋಗ ಹೆಚ್ಚಾಗಿ ಗಂಡುಮಕ್ಕಳಲ್ಲಿ ಕಾಣುತ್ತದೆ. ರಾಣಿ ವಿಕ್ಟೋರಿಯಾಳ ಸಂತತಿಯಲ್ಲಿ ಹರಿದುಬಂದದ್ದು ಬಿ ಬಗೆಯೆಂದು ರಷ್ಯಾದ ರಾಜಕುಟುಂಬದ ಅಸ್ಥಿಗಳ ಡಿ.ಎನ್.ಎ. ಪರೀಕ್ಷೆಯಿಂದ 2009ರಲ್ಲಿ ತಿಳಿದುಬಂತು.

ರಕ್ತದ ಗುಂಪಿಗೂ ಹೆಪ್ಪುಗಟ್ಟುವುದಕ್ಕೂ ಸಂಬಂಧವಿದೆಯೇ?

ಸ್ವಲ್ಪ ಇದೆ. ಓ ಗುಂಪಿನವರಲ್ಲಿ ವಾನ್ ವಿಲ್ಲೆಬ್ರಾಂಡ್ ಅಂಶದ ಮಟ್ಟ ಉಳಿದವರಿಗಿಂತ ಸರಾಸರಿ ಕಾಲು ಭಾಗದಷ್ಟು ಕಡಿಮೆ. ದಿನನಿತ್ಯದ ಬದುಕಿನಲ್ಲಿ ಇದು ಗಮನಕ್ಕೆ ಬರುವಂಥದ್ದಲ್ಲ.

ಪೆಟ್ಟೇ ಆಗದೆ ಕಾಲಿನೊಳಗೆ ರಕ್ತ ಹೆಪ್ಪುಗಟ್ಟುವುದು ಹೇಗೆ?

ಮೂರು ಕಾರಣಗಳು ಸೇರಿದಾಗ ಅಥವಾ ಒಂದೇ ಬಲವಾದಾಗ: ಹರಿವು ನಿಧಾನವಾಗುವುದು, ನಾಳದ ಒಳಪೊರೆಗೆ ಹಾನಿಯಾಗುವುದು, ರಕ್ತವೇ ಹೆಪ್ಪಿನ ಕಡೆಗೆ ವಾಲುವುದು. ದಿನಗಟ್ಟಲೆ ಹಾಸಿಗೆ ಹಿಡಿದಿರುವುದು, ದೊಡ್ಡ ಶಸ್ತ್ರಚಿಕಿತ್ಸೆ, ಕ್ಯಾನ್ಸರ್, ಗರ್ಭಾವಸ್ಥೆ, ಕೆಲವು ಹಾರ್ಮೋನ್ ಮಾತ್ರೆಗಳು ಈ ಪಟ್ಟಿಯಲ್ಲಿ ಬರುತ್ತವೆ. ನಿಧಾನ ಹರಿವು ಏಕೆ ಅಪಾಯವೆಂದರೆ, ಅಲ್ಲಲ್ಲಿ ಹುಟ್ಟುವ ಚೂರುಪಾರು ಥ್ರಾಂಬಿನ್ ಅನ್ನು ತೊಳೆದುಕೊಂಡು ಹೋಗುವುದು ಹರಿವೇ. ಒಂದೇ ಕಾಲು ಊದಿ, ಬೆಚ್ಚಗಾಗಿ, ಮೀನಖಂಡದಲ್ಲಿ ನೋವು ಬಂದರೆ ತಿಕ್ಕಿಸಿಕೊಳ್ಳದೆ ವೈದ್ಯರಿಗೆ ತೋರಿಸಬೇಕು. ಆ ಹೆಪ್ಪು ಕಳಚಿಕೊಂಡು ಹೃದಯದ ಬಲಭಾಗವನ್ನು ದಾಟಿ ಶ್ವಾಸಕೋಶದ ನಾಳದಲ್ಲಿ ಸಿಕ್ಕಿಕೊಂಡರೆ ಇದ್ದಕ್ಕಿದ್ದಂತೆ ಉಸಿರು ಕಟ್ಟುತ್ತದೆ, ಎದೆ ನೋಯುತ್ತದೆ, ಅದು ತುರ್ತುಸ್ಥಿತಿ.

## ಇನ್ನಷ್ಟು ಒಳಕ್ಕೆ ಹೋಗುವವರಿಗೆ

ಹದಿಮೂರು ಅಂಶಗಳು ಎನ್ನುತ್ತಾರೆ, ಎಣಿಸಿದರೆ ಹನ್ನೆರಡೇ ಸಿಗುತ್ತವೆ. ಆರನೆಯದು ಎಲ್ಲಿ?

ಆರನೆಯದೆಂದು ಹೆಸರಿಟ್ಟದ್ದು 5ನೆಯ ಅಂಶದ ಚುರುಕುಗೊಂಡ ರೂಪವೇ ಎಂದು ಆಮೇಲೆ ತಿಳಿದು, ಆ ಸಂಖ್ಯೆಯನ್ನು ಖಾಲಿ ಬಿಟ್ಟರು. ಒಂದು ಅಂಶ ಮುಂದಿನದನ್ನು ಚುರುಕುಗೊಳಿಸುತ್ತ ಹೋಗುವ ಸರಪಳಿಯ ಚಿತ್ರವನ್ನು 1964ರಲ್ಲಿ ಒಂದು ಕಡೆ ರಾಬರ್ಟ್ ಮ್ಯಾಕ್‌ಫರ್ಲೇನ್, ಇನ್ನೊಂದು ಕಡೆ ಅರ್ಲ್ ಡೇವಿ ಮತ್ತು ಆಸ್ಕರ್ ರ್‍ಯಾಟ್ನಾಫ್ ಬಹುತೇಕ ಒಟ್ಟಿಗೇ ಮುಂದಿಟ್ಟರು. ಪಠ್ಯಪುಸ್ತಕಗಳಲ್ಲಿ ಎರಡು ಕವಲಾಗಿ ಬರೆಯುವ ಆ ಚಿತ್ರ ಪ್ರನಾಳದ ಪರೀಕ್ಷೆಗಳನ್ನು ಅರ್ಥಮಾಡಿಕೊಳ್ಳಲು ಇಂದಿಗೂ ಒಳ್ಳೆಯದು, ದೇಹದಲ್ಲಿ ನಡೆಯುವುದಕ್ಕೆ ಅಷ್ಟು ಒಪ್ಪುವುದಿಲ್ಲ. 12ನೆಯ ಅಂಶವೇ ಇಲ್ಲದವರ ರಕ್ತ ಪ್ರನಾಳದಲ್ಲಿ ಬಹಳ ತಡವಾಗಿ ಹೆಪ್ಪುಗಟ್ಟಿದರೂ ಅವರಿಗೆ ರಕ್ತಸ್ರಾವದ ತೊಂದರೆ ಇರುವುದಿಲ್ಲ. ಈ ಒಂದು ಸಂಗತಿಯೇ ಆ ಚಿತ್ರದ ಮಿತಿಯನ್ನು ತೋರಿಸುತ್ತದೆ. ದೇಹದಲ್ಲಿ ಕಿಡಿ ಹೊತ್ತಿಸುವುದು ಟಿಶ್ಯೂ ಫ್ಯಾಕ್ಟರ್ ಮತ್ತು 7ನೆಯ ಅಂಶ. ಅದರಿಂದ ಹುಟ್ಟುವ ಒಂದಿಷ್ಟು ಥ್ರಾಂಬಿನ್ ಹಿಂದಿರುಗಿ 5, 8 ಮತ್ತು 11ನೆಯ ಅಂಶಗಳನ್ನು ಎಬ್ಬಿಸಿ, ಪ್ಲೇಟ್‌ಲೆಟ್ ಪೊರೆಯ ಮೇಲೆ ತನ್ನನ್ನೇ ನೂರಾರು ಪಟ್ಟು ಹೆಚ್ಚಿಸಿಕೊಳ್ಳುತ್ತದೆ. ಕೊನೆಯಲ್ಲಿ 13ನೆಯ ಅಂಶ ಫೈಬ್ರಿನ್ ಎಳೆಗಳಿಗೆ ಅಡ್ಡಹೊಲಿಗೆ ಹಾಕುತ್ತದೆ.

ತನ್ನನ್ನೇ ಹೆಚ್ಚಿಸಿಕೊಳ್ಳುವುದಾದರೆ ಒಂದು ಸಣ್ಣ ಗಾಯದ ಹೆಪ್ಪು ಮೈಯೆಲ್ಲ ಹಬ್ಬಬೇಕಿತ್ತಲ್ಲ?

ಬಂದ ಪ್ರಶ್ನೆಗಳಲ್ಲಿ ನನಗೆ ಎಲ್ಲಕ್ಕಿಂತ ಮೆಚ್ಚಿಗೆಯಾದದ್ದು ಇದು. ಗಾಯದಿಂದ ಹೊರಗೆ ತೇಲಿಹೋದ ಥ್ರಾಂಬಿನ್ ಅನ್ನು ಆಂಟಿಥ್ರಾಂಬಿನ್ ಎಂಬ ಪ್ರೋಟೀನು ಹಿಡಿದು ನಿಷ್ಕ್ರಿಯಗೊಳಿಸುತ್ತದೆ. ಹೆಪಾರಿನ್ ಮಾಡುವುದು ಈ ಹಿಡಿತವನ್ನು ಬಿರುಸುಗೊಳಿಸುವ ಕೆಲಸವನ್ನೇ. ಅದಕ್ಕಿಂತ ಜಾಣ ಏರ್ಪಾಡು ಇನ್ನೊಂದು. ಥ್ರಾಂಬಿನ್ ಗಾಯದ ಅಂಚನ್ನು ದಾಟಿ ಆರೋಗ್ಯವಾದ ಒಳಪೊರೆಯನ್ನು ಮುಟ್ಟಿತೆಂದರೆ, ಅಲ್ಲಿರುವ ಥ್ರಾಂಬೊಮಾಡ್ಯುಲಿನ್‌ಗೆ ಅಂಟಿಕೊಂಡು ಪಕ್ಷ ಬದಲಿಸುತ್ತದೆ: ಹೆಪ್ಪುಗಟ್ಟಿಸುವ ಬದಲು ಪ್ರೋಟೀನ್ ಸಿ ಎಂಬುದನ್ನು ಎಬ್ಬಿಸುತ್ತದೆ, ಅದು 5 ಮತ್ತು 8ನೆಯ ಅಂಶಗಳನ್ನು ಕತ್ತರಿಸಿ ಹಾಕುತ್ತದೆ. ಒಂದೇ ಕಿಣ್ವ ಹರಿದ ಜಾಗದಲ್ಲಿ ಕಟ್ಟುತ್ತದೆ, ಹರಿಯದ ಜಾಗದಲ್ಲಿ ತಡೆಯುತ್ತದೆ. ಇದಾದ ಮೇಲೆ ಫೈಬ್ರಿನ್ ಬಲೆಯಲ್ಲೇ ಸಿಕ್ಕಿಕೊಂಡಿದ್ದ ಪ್ಲಾಸ್ಮಿನೋಜನ್ ಪ್ಲಾಸ್ಮಿನ್ ಆಗಿ ಬಲೆಯನ್ನು ಒಳಗಿನಿಂದ ಕತ್ತರಿಸುತ್ತದೆ. ಹಾಗೆ ಉದುರಿದ ತುಣುಕುಗಳಲ್ಲಿ ಒಂದು, ವರದಿಗಳಲ್ಲಿ ಕಾಣುವ ಡಿ-ಡೈಮರ್.

ಹಾವಿನ ವಿಷದಿಂದ ರಕ್ತ ಹೆಪ್ಪುಗಟ್ಟುತ್ತದೆಯೋ ನೀರಾಗುತ್ತದೆಯೋ? ಎರಡೂ ಹೇಳುತ್ತಾರೆ.

ಎರಡೂ ನಿಜ, ಒಂದರ ನಂತರ ಒಂದು. ಕೊಳಕುಮಂಡಲದ ವಿಷದಲ್ಲಿ 10ನೆಯ ಮತ್ತು 5ನೆಯ ಅಂಶಗಳನ್ನು ನೇರವಾಗಿ ಎಬ್ಬಿಸುವ ಕಿಣ್ವಗಳಿವೆ. ಅವು ಗಾಯವೆಲ್ಲಿದೆ ಎಂದು ಕೇಳುವುದಿಲ್ಲ. ಮೈಯ ರಕ್ತದಲ್ಲೆಲ್ಲ ಚೂರುಚೂರು ಹೆಪ್ಪು ಕಟ್ಟಿಸಿ, ಕರಗಿಸಿ, ಫೈಬ್ರಿನೋಜನ್ ಅನ್ನು ಬರಿದುಮಾಡುತ್ತವೆ. ಆಮೇಲೆ ಹೆಪ್ಪುಗಟ್ಟಲು ಸಾಮಗ್ರಿಯೇ ಉಳಿದಿರುವುದಿಲ್ಲ. ಆಸ್ಪತ್ರೆಯಲ್ಲಿ ಹೊಸದಾದ, ಒಣಗಿದ ಗಾಜಿನ ಪ್ರನಾಳಕ್ಕೆ 2 ಮಿಲಿಲೀಟರ್ ರಕ್ತ ಹಾಕಿ, ಅಲುಗಿಸದೆ 20 ನಿಮಿಷ ಇಟ್ಟು, ಒಮ್ಮೆ ಓರೆ ಮಾಡಿ ನೋಡುವುದು ಇದಕ್ಕಾಗಿ. ರಕ್ತ ಹರಿದರೆ ಪ್ರತಿವಿಷ ಕೊಡುವ ತೀರ್ಮಾನಕ್ಕೆ ಅದು ಬಲವಾದ ಆಧಾರ. ಪ್ಲಾಸ್ಟಿಕ್ ಪ್ರನಾಳವಾದರೆ ಪರೀಕ್ಷೆ ದಾರಿ ತಪ್ಪಿಸುತ್ತದೆ, ಏಕೆಂದರೆ ಹೆಪ್ಪನ್ನು ಪ್ರಚೋದಿಸಬೇಕಾದ ಗಾಜಿನ ಮೇಲ್ಮೈ ಅಲ್ಲಿಲ್ಲ. ಇದೇ ವಿಷವನ್ನು 1930ರ ದಶಕದಲ್ಲಿ ಕುಸುಮರೋಗಿಗಳ ಗಾಯಕ್ಕೆ ಮೇಲಿನಿಂದ ಹಚ್ಚಿ ರಕ್ತ ನಿಲ್ಲಿಸಿದವರಲ್ಲಿ, ಹಿಂದೆ ಹೆಸರಿಸಿದ ಮ್ಯಾಕ್‌ಫರ್ಲೇನ್ ಕೂಡ ಒಬ್ಬರು.

ದುಗ್ಧನಾಳ ಕೊನೆಗೆ ರಕ್ತನಾಳಕ್ಕೇ ಸೇರುವುದಾದರೆ, ರಕ್ತ ಏಕೆ ಅದರೊಳಗೆ ನುಗ್ಗುವುದಿಲ್ಲ?

ಎದೆಯ ದೊಡ್ಡ ದುಗ್ಧನಾಳ ಎಡಗಡೆಯ ಕೊರಳೆಲುಬಿನ ಹಿಂದೆ, ಎರಡು ಅಭಿಧಮನಿಗಳು ಕೂಡುವ ಜಾಗದಲ್ಲಿ ರಕ್ತಕ್ಕೆ ಸೇರುತ್ತದೆ. ಅಲ್ಲೊಂದು ಕವಾಟವಿದೆ, ಬಹಳ ಕಾಲ ಅದಷ್ಟೇ ಸಾಕೆಂದು ತಿಳಿದಿದ್ದರು. ಇಲಿಗಳ ಮೇಲಿನ ಅಧ್ಯಯನಗಳು ಇನ್ನೊಂದು ಕಾವಲನ್ನು ತೋರಿಸಿಕೊಟ್ಟಿವೆ. ದುಗ್ಧನಾಳದ ಒಳಪೊರೆಯ ಜೀವಕೋಶಗಳ ಮೇಲೆ ಪೋಡೊಪ್ಲಾನಿನ್ ಎಂಬ ಪ್ರೋಟೀನು ಇದೆ, ರಕ್ತನಾಳದ ಒಳಪೊರೆಯಲ್ಲಿ ಅದಿಲ್ಲ. ಪ್ಲೇಟ್‌ಲೆಟ್‌ಗಳ ಮೇಲೆ ಅದನ್ನು ಗುರುತಿಸುವ ಕ್ಲೆಕ್-2 ಎಂಬ ಗ್ರಾಹಕವಿದೆ. ರಕ್ತ ಹಿಂದೆ ಸರಿದು ದುಗ್ಧನಾಳದ ಬಾಯಿಗೆ ತಾಗಿದ ಕೂಡಲೇ ಪ್ಲೇಟ್‌ಲೆಟ್‌ಗಳು ಎಚ್ಚೆತ್ತು ಅಲ್ಲೇ ಒಂದು ಸಣ್ಣ ಹೆಪ್ಪನ್ನು ಕಟ್ಟುತ್ತವೆ. ಯಾವ ಗಾಯವೂ ಇಲ್ಲದೆ, ಆರೋಗ್ಯವಂತ ದೇಹದಲ್ಲಿ ಕಟ್ಟುವ ಹೆಪ್ಪು ಇದು. ಇವೆರಡರಲ್ಲಿ ಒಂದು ಇಲ್ಲದಂತೆ ಬೆಳೆಸಿದ ಇಲಿಗಳಲ್ಲಿ, ಬಣ್ಣವಿಲ್ಲದೆ ಕಾಣಬೇಕಾದ ದುಗ್ಧನಾಳಗಳು ರಕ್ತ ತುಂಬಿ ಕೆಂಪಾಗಿರುತ್ತವೆ. ದುಗ್ಧರಸದಲ್ಲಿ ಪ್ಲೇಟ್‌ಲೆಟ್‌ಗಳು ಇರುವುದಿಲ್ಲ, ಆದರೆ ದುಗ್ಧರಸದ ದಾರಿಯನ್ನು ರಕ್ತದಿಂದ ಬೇರೆಯಾಗಿ ಉಳಿಸುವುದು ಆ ಪ್ಲೇಟ್‌ಲೆಟ್‌ಗಳೇ.